ಉಕ್ಕಿನ ಬೀರುವಿನ ಲೇಪನ: ಒಂದು ಚಾರಿತ್ರಿಕ ವಿವೇಚನೆ

೧

ಸರ್ಕಾರಿ ಕಚೇರಿಗಳಲ್ಲಿಯೂ ಕಾಲೇಜುಗಳ ಗ್ರಂಥಭಂಡಾರಗಳಲ್ಲಿಯೂ ಮಧ್ಯಮವರ್ಗದ ಮನೆಗಳಲ್ಲಿಯೂ ಉಕ್ಕಿನ ಬೀರು ಅತ್ಯಂತ ಸಾಮಾನ್ಯವಾದ ವಸ್ತುವಾಗಿರುವುದರಿಂದ, ಅದಕ್ಕೂ ಒಂದು ಚರಿತ್ರೆಯುಂಟೆಂಬ ಆಲೋಚನೆ ನಮ್ಮಲ್ಲಿ ಸುಲಭವಾಗಿ ಮೂಡುವುದಿಲ್ಲ. ಕೈಗಾರಿಕೆಗಳ ಚರಿತ್ರೆಯನ್ನು ಓದುವಾಗ ಉಕ್ಕಿನ ಉತ್ಪಾದನೆ, ಯಂತ್ರಗಳ ನಿರ್ಮಾಣ, ಬಂಡವಾಳದ ಸಂಚಯ ಮುಂತಾದ ವಿಷಯಗಳಿಗೆ ನಾವು ಹೆಚ್ಚಿನ ಗಮನವನ್ನು ಕೊಡುತ್ತೇವೆ. ತಗಡಿನ ಮೇಲಣ ಬಣ್ಣವನ್ನು ಅಲಂಕಾರದ ವಿಷಯವೆಂದು ಬದಿಗಿರಿಸುತ್ತೇವೆ. ಆದರೆ ಲೇಪನವಿಲ್ಲದ ಉಕ್ಕಿನ ತಗಡು ನಮ್ಮ ಮಳೆಗಾಲದ ತೇವದಲ್ಲಿ ಕೆಲವೇ ದಿನಗಳೊಳಗೆ ತುಕ್ಕು ಹಿಡಿಯುತ್ತದೆ. ಬೀರುವಿನ ಆಯುಷ್ಯವು ಅದರ ತಗಡಿನ ದಪ್ಪಕ್ಕಿಂತಲೂ ಹೆಚ್ಚಾಗಿ ಆ ತಗಡಿನ ಮೇಲಿರುವ, ಕೂದಲೆಳೆಯಷ್ಟು ತೆಳುವಾದ ಒಂದು ಪೊರೆಯನ್ನು ಅವಲಂಬಿಸಿದೆ. ಆದುದರಿಂದ ಈ ಪೊರೆಯ ಚರಿತ್ರೆಯನ್ನು ಅಲಕ್ಷಿಸುವುದು ಉಚಿತವಲ್ಲ.

ಪ್ರಕೃತ ಪ್ರಬಂಧದಲ್ಲಿ ನಾವು ಒಂದು ಪ್ರಶ್ನೆಯನ್ನು ಎತ್ತಿಕೊಂಡಿದ್ದೇವೆ. ದ್ರವರೂಪದ ಬಣ್ಣವನ್ನು ಬಿಟ್ಟು, ಒಣ ಪುಡಿಯನ್ನು ಲೋಹದ ಮೇಲೆ ಹಿಡಿಸಿ, ಅದನ್ನು ಒಲೆಯಲ್ಲಿ ಕರಗಿಸಿ ಗಟ್ಟಿಮಾಡುವ ವಿಧಾನವೊಂದುಂಟು. ಕೆಲಸಗಾರರು ಇದನ್ನು ಪೌಡರ್ ಕೋಟಿಂಗ್ ಎಂದು ಕರೆಯುತ್ತಾರೆ, ನಾವು ಪುಡಿಲೇಪನವೆನ್ನೋಣ. ಇದಕ್ಕೆ ಬೇಕಾದ ಭೌತಿಕ ತತ್ತ್ವಗಳಲ್ಲಿ ಹೆಚ್ಚಿನವು ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿಯೇ ತಿಳಿದಿದ್ದುವು. ಹೀಗಿದ್ದರೂ ಪೀಠೋಪಕರಣಗಳ ಕಾರ್ಖಾನೆಗಳಲ್ಲಿ ಅದು ನೆಲೆಯೂರಿದುದು ೧೯೬೦ರ ದಶಕದ ಅನಂತರವೇ. ಇದಕ್ಕೆ ಕಾರಣವೇನು?

ಲೇಪನದ ಚರಿತ್ರೆಯನ್ನು ಎರಡು ಲೆಕ್ಕಾಚಾರಗಳು ನಡೆಸಿಕೊಂಡು ಬಂದಿವೆಯೆಂಬುದು ನಮ್ಮ ಅಭಿಪ್ರಾಯ. ಒಂದು ಕಾಲದ ಲೆಕ್ಕ, ಎಂದರೆ ಬಣ್ಣ ಒಣಗಲು ಹಿಡಿಯುವ ಹೊತ್ತು. ಇನ್ನೊಂದು ಗಾಳಿಯ ಲೆಕ್ಕ, ಎಂದರೆ ಬಣ್ಣ ಒಣಗುವಾಗ ಅದರಿಂದ ಹೊರಟು ಮನುಷ್ಯರ ಉಸಿರಿಗೆ ಸೇರುವ ದ್ರಾವಕ. ಕಾಲದ ನಷ್ಟ ಕಾರ್ಖಾನೆಯ ಒಡೆಯನದು. ಗಾಳಿಯ ನಷ್ಟ ಕೆಲಸಗಾರನದು. ಮೊದಲನೆಯದಕ್ಕೆ ಪರಿಹಾರ ಬೇಗನೆ ದೊರೆಯಿತು. ಎರಡನೆಯದು, ಅದೂ ಒಡೆಯನ ಖರ್ಚಿನ ಪುಸ್ತಕದಲ್ಲಿ ಬರೆಯಲ್ಪಡುವವರೆಗೆ ಕಾಯಬೇಕಾಯಿತು.

೨

ಲೋಹಕ್ಕೆ ಮೆರುಗುಕೊಟ್ಟು ಒಲೆಯಲ್ಲಿ ಬೇಯಿಸುವ ಪದ್ಧತಿ ಯೂರೋಪಿನಲ್ಲಿ ಒಂದು ಅನುಕರಣೆಯಾಗಿ ಹುಟ್ಟಿತು. ಚೀನ ಜಪಾನುಗಳ ಕುಶಲಕರ್ಮಿಗಳು ಒಂದು ಜಾತಿಯ ಮರದ ಹಾಲಿನಿಂದ ಮಾಡುತ್ತಿದ್ದ ಮೆರುಗಿನ ವಸ್ತುಗಳು ಹದಿನೇಳನೆಯ ಶತಮಾನದಲ್ಲಿ ಯೂರೋಪಿನ ಶ್ರೀಮಂತರ ಮನೆಗಳನ್ನು ಸೇರಿದುವು. ಆ ಮರ ಯೂರೋಪಿನಲ್ಲಿರಲಿಲ್ಲ. ಆದುದರಿಂದ ಅಲ್ಲಿಯವರು ಅಗಸೆ ಎಣ್ಣೆ, ರಾಳ, ಅರಗು ಮುಂತಾದುವುಗಳಿಂದ ಬದಲಿ ಮೆರುಗನ್ನು ಮಾಡಿಕೊಂಡು ಆ ಕೆಲಸಕ್ಕೆ ಜಪಾನಿನ ಹೆಸರನ್ನೇ ಇಟ್ಟರು. ೧೬೮೮ರಲ್ಲಿ ಆಕ್ಸ್‌ಫರ್ಡಿನಲ್ಲಿ ಸ್ಟಾಕರ್ ಮತ್ತು ಪಾರ್ಕರ್ ಎಂಬವರು ಈ ಕಲೆಯನ್ನು ಕುರಿತ ಗ್ರಂಥವೊಂದನ್ನು ಪ್ರಕಟಿಸಿದರು. ಈ ಬದಲಿ ಮೆರುಗಿಗೆ ಬೇಕಾಗಿದ್ದ ಅರಗು ಭಾರತದ ಕಾಡುಗಳಲ್ಲಿ ಹುಳುಗಳಿಂದ ಸಂಗ್ರಹವಾಗುತ್ತಿದ್ದ ಪದಾರ್ಥ. ಪಾಂಡವರ ಅರಗಿನ ಮನೆಯ ಕಥೆಯನ್ನು ಬಲ್ಲ ನಮ್ಮ ಜನಕ್ಕೆ ಅದರ ಮೆರುಗೂ ಅದು ಹೊತ್ತಿಕೊಳ್ಳುವ ಗುಣವೂ ಹೊಸವಲ್ಲ.

ಹದಿನೆಂಟನೆಯ ಶತಮಾನದಲ್ಲಿ ವೇಲ್ಸಿನ ಪಾಂಟಿಪೂಲ್ ಎಂಬ ಊರಿನಲ್ಲಿ ಆಲ್‌ಗುಡ್ ಮನೆತನದವರು ತವರ ಹಾಕಿದ ಕಬ್ಬಿಣದ ತಗಡಿನ ಮೇಲೆ ಈ ಮೆರುಗನ್ನು ಹಚ್ಚಿ, ಒಲೆಯ ಮಂದವಾದ ಕಾವಿನಲ್ಲಿ ಗಟ್ಟಿಮಾಡುವ ಕೆಲಸದಲ್ಲಿ ಪ್ರಸಿದ್ಧರಾದರು. ಬರ್ಮಿಂಗ್‌ಹ್ಯಾಮ್, ವುಲ್ವರ್‌ಹ್ಯಾಂಪ್ಟನ್, ಬಿಲ್‌ಸ್ಟನ್ ನಗರಗಳಲ್ಲಿಯೂ ಈ ಉದ್ಯಮ ಬೆಳೆಯಿತು. ಮುದ್ರಣದ ಚರಿತ್ರೆಯಲ್ಲಿ ಹೆಸರಾದ ಜಾನ್ ಬಾಸ್ಕರ್‌ವಿಲ್ ತನ್ನ ಐಶ್ವರ್ಯವನ್ನು ಗಳಿಸಿದುದು ಬರ್ಮಿಂಗ್‌ಹ್ಯಾಮಿನಲ್ಲಿ ಮೆರುಗು ತಟ್ಟೆ ಪೆಟ್ಟಿಗೆಗಳನ್ನು ಮಾರಿದುದರಿಂದಲೇ; ೧೭೫೭ರಲ್ಲಿ ಅವನು ಅಚ್ಚುಮಾಡಿದ ವರ್ಜಿಲನ ಕಾವ್ಯಗಳ ಖರ್ಚನ್ನು ಈ ವ್ಯಾಪಾರದ ಲಾಭವೇ ಹೊತ್ತಿತೆಂದು ಹೇಳಬಹುದು. ಈ ಮೆರುಗು ಗಟ್ಟಿಯಾಗಿತ್ತು, ಕಾವನ್ನು ತಡೆಯುತ್ತಿತ್ತು. ಆದರೆ ಪದರದ ಮೇಲೆ ಪದರವನ್ನು ಹಚ್ಚಿ, ಪ್ರತಿಯೊಂದನ್ನೂ ಬೇಯಿಸಿ, ಉಜ್ಜಿ ನುಣುಪುಮಾಡಬೇಕಾಗಿತ್ತು. ತಟ್ಟೆಗಳಿಗೂ ನಶ್ಯದ ಡಬ್ಬಿಗಳಿಗೂ ಈ ನಿಧಾನ ಸಲ್ಲುತ್ತಿತ್ತು.

೩

ಉಕ್ಕಿನ ಪೀಠೋಪಕರಣಗಳಿಗೆ ಬೇಡಿಕೆಯನ್ನು ಹುಟ್ಟಿಸಿದ ಮುಖ್ಯ ಕಾರಣಗಳಲ್ಲಿ ಬೆಂಕಿಯ ಭಯವೂ ಒಂದು. ೧೯೦೪ರಲ್ಲಿ ಬಾಲ್ಟಿಮೋರ್ ನಗರವೂ ೧೯೦೬ರ ಭೂಕಂಪದ ಹಿಂದೆಯೇ ಸಾನ್‌ಫ್ರಾನ್ಸಿಸ್ಕೋ ನಗರವೂ ಬೆಂಕಿಗೆ ತುತ್ತಾದುವು. ಎತ್ತರವಾದ ಕಟ್ಟಡಗಳಲ್ಲಿ ಕಾಗದಪತ್ರಗಳನ್ನು ಮರದ ಕಪಾಟುಗಳಲ್ಲಿಡುವುದು ಅಪಾಯಕರವೆಂಬ ಭಾವನೆ ಬಲಗೊಂಡಿತು. ೧೯೧೨ರಲ್ಲಿ ಗ್ರ್ಯಾಂಡ್ ರಾಪಿಡ್ಸ್ ನಗರದಲ್ಲಿ ಸ್ಥಾಪಿತವಾದ, ಮುಂದೆ ಸ್ಟೀಲ್‌ಕೇಸ್ ಎಂದು ಹೆಸರಾದ ಸಂಸ್ಥೆ, ೧೯೧೫ರಲ್ಲಿ ಬಾಸ್ಟನ್ನಿನ ಸುಂಕದ ಕಚೇರಿಯ ಗೋಪುರಕ್ಕೆ ಉಕ್ಕಿನ ಮೇಜುಗಳನ್ನು ಒದಗಿಸಿತು. ನಮ್ಮ ದೇಶದಲ್ಲಿ ಬೀಗಗಳಿಂದಲೂ ತಿಜೋರಿಗಳಿಂದಲೂ ಹೆಸರಾಗಿದ್ದ ಗಾಡ್ರೆಜ್ ಸಂಸ್ಥೆಯವರು ೧೯೨೩ರಲ್ಲಿ ಉಕ್ಕಿನ ಬೀರುಗಳ ತಯಾರಿಕೆಯನ್ನು ಆರಂಭಿಸಿದರು. ಆ ಹೆಸರೇ ಕಾಲಕ್ರಮದಲ್ಲಿ ಕನ್ನಡನಾಡಿನ ಮನೆಗಳಲ್ಲಿ ವಸ್ತುವಿನ ಹೆಸರಾಗಿ ರೂಢಿಗೆ ಬಂದಿತು. ಆರಂಭದ ಉಕ್ಕಿನ ಮೇಜು ಕಪಾಟುಗಳ ಮೇಲೆ ಅನೇಕ ವೇಳೆ ಮರದ ಎಳೆಗಳಂತೆ ತೋರುವ ಚಿತ್ರಣವನ್ನು ಬಿಡಿಸುತ್ತಿದ್ದರೆಂಬುದು ಗಮನಾರ್ಹವಾದ ಸಂಗತಿ. ಹೊಸ ಲೋಹವನ್ನು ಕೊಳ್ಳುವವನಿಗೆ ಹಳೆಯ ಮರದ ಭ್ರಮೆ ಇನ್ನೂ ಬೇಕಾಗಿತ್ತು.

ಕಾಲದ ಪ್ರಶ್ನೆ ಇಲ್ಲಿಯೇ ಉದ್ಭವಿಸುತ್ತದೆ. ಯಂತ್ರಗಳು ತಗಡನ್ನು ನಿಮಿಷಗಳಲ್ಲಿ ಮಡಿಸಿ ಬೆಸೆಯುತ್ತಿರುವಾಗ ಬಣ್ಣ ದಿನಗಟ್ಟಲೆ ಒಣಗುತ್ತಿದ್ದರೆ, ಅರ್ಧ ಮುಗಿದ ಸರಕಿನಿಂದ ಕಾರ್ಖಾನೆಯ ಅಂಗಳವೇ ತುಂಬಿಹೋಗುತ್ತದೆ. ಈ ತೊಡಕು ಅತ್ಯಂತ ಸ್ಪಷ್ಟವಾಗಿ ಕಂಡುಬಂದುದು ಮೋಟಾರು ಉದ್ಯಮದಲ್ಲಿ. ಹಳೆಯ ಸಾರೋಟಿನ ಪದ್ಧತಿಯಲ್ಲಿ ಬಣ್ಣದ ಕೆಲಸಕ್ಕೆ ವಾರಗಳು ಹಿಡಿಯುತ್ತಿದ್ದುವು. ಹೆನ್ರಿ ಫೋರ್ಡನ ಮಾದರಿ ಟಿ ಗಾಡಿಗಳು ೧೯೧೪ರಿಂದ ೧೯೨೫ರವರೆಗೆ ಕಪ್ಪು ಬಣ್ಣದಲ್ಲಿ ಮಾತ್ರ ಹೊರಬಂದುವು. ಆಸ್ಫಾಲ್ಟ್ ಬೆರೆತ, ಒಲೆಯಲ್ಲಿ ಬೇಯುವ ಕಪ್ಪು ಮೆರುಗು ಅಗ್ಗವೂ ಬಾಳಿಕೆಯದೂ ಆಗಿತ್ತು. ಪಾಂಟಿಪೂಲಿನ ತಟ್ಟೆಗಳ ವಂಶಕ್ಕೆ ಸೇರಿದ ಲೇಪನವೇ ಇಪ್ಪತ್ತನೆಯ ಶತಮಾನದ ಅತ್ಯಂತ ಪ್ರಸಿದ್ಧ ವಾಹನವನ್ನೂ ಹೊದ್ದಿತೆಂಬುದು ವಿಚಾರಾರ್ಹವಾದ ಅಂಶ.

ಮೊದಲನೆಯ ಮಹಾಯುದ್ಧದ ಅನಂತರ ಸ್ಫೋಟಕಗಳ ತಯಾರಿಕೆಗೆ ಮೀಸಲಾಗಿದ್ದ ನೈಟ್ರೋಸೆಲ್ಯುಲೋಸಿಗೆ ಹೊಸ ಉಪಯೋಗಗಳನ್ನು ಹುಡುಕಬೇಕಾಯಿತು. ೧೯೨೩ರಲ್ಲಿ ಡುಪಾಂಟ್ ಸಂಸ್ಥೆ ಡ್ಯೂಕೋ ಎಂಬ ಬಣ್ಣವನ್ನು ಬಳಕೆಗೆ ತಂದಿತು. ಪಿಚಕಾರಿಯಿಂದ ಎರಚಬಹುದಾದ ಈ ಬಣ್ಣ ಅತ್ಯಲ್ಪ ಕಾಲದಲ್ಲಿ ಒಣಗುತ್ತಿತ್ತು. ವಾರಗಳ ಕೆಲಸ ದಿನಗಳಿಗೆ ಇಳಿಯಿತು. ಮುಂದಿನ ದಶಕದಲ್ಲಿ ಆಲ್ಕಿಡ್ ರಾಳದ, ಒಲೆಯಲ್ಲಿ ಬೇಯುವ ಎನಾಮೆಲ್ ಬಣ್ಣಗಳು ಉಕ್ಕಿನ ಪೀಠೋಪಕರಣಗಳನ್ನು ಆಕ್ರಮಿಸಿದುವು. ಕಾಲದ ಲೆಕ್ಕ ಇಲ್ಲಿಗೆ ಬಹುಮಟ್ಟಿಗೆ ತೀರಿತೆಂದೇ ಹೇಳಬೇಕು.

೪

ಮೇಲಿನ ಬಣ್ಣದ ವಿಚಾರ ಹೀಗಾದರೆ, ಕಣ್ಣಿಗೆ ಕಾಣದ ಕೆಳಗಿನ ಕೆಲಸದ ವಿಚಾರವನ್ನೂ ಇಲ್ಲಿ ಹೇಳುವುದು ಅವಶ್ಯಕ. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವವನು ಮೊದಲು ಪಾತ್ರೆಯನ್ನು ಚೆನ್ನಾಗಿ ತಿಕ್ಕಿ, ಕಾಯಿಸಿ, ನವಸಾಗರವನ್ನು ಹಾಕಿ ಮೇಲ್ಮೈಯನ್ನು ಶುದ್ಧಿಮಾಡಿಕೊಂಡ ಮೇಲೆಯೇ ತವರವನ್ನು ಸವರುತ್ತಾನೆ. ಇಲ್ಲದಿದ್ದರೆ ಕಲಾಯಿ ಹಿಡಿಯುವುದಿಲ್ಲ. ಉಕ್ಕಿನ ವಿಷಯದಲ್ಲಿಯೂ ನಿಯಮ ಇದೇ. ಎಣ್ಣೆಯ ಜಿಡ್ಡು ಅಥವಾ ತುಕ್ಕಿನ ಕಣ ಉಳಿದ ಕಡೆ ಎಂತಹ ಉತ್ತಮವಾದ ಬಣ್ಣವೂ ಏಳುತ್ತದೆ.

೧೯೦೬ರಲ್ಲಿ ಬರ್ಮಿಂಗ್‌ಹ್ಯಾಮಿನ ಥಾಮಸ್ ವಾಟ್ಸ್ ಕಾಸ್ಲೆಟ್ ಎಂಬಾತನು ಕಬ್ಬಿಣವನ್ನು ಫಾಸ್ಫಾರಿಕ್ ಆಮ್ಲದ ಬಿಸಿದ್ರಾವಣದಲ್ಲಿ ಅದ್ದಿ, ಅದರ ಮೇಲೆ ಫಾಸ್ಫೇಟಿನ ಸಣ್ಣ ಹರಳುಗಳ ಪೊರೆಯನ್ನು ಬೆಳೆಸುವ ವಿಧಾನಕ್ಕೆ ಏಕಸ್ವಾಮ್ಯವನ್ನು ಪಡೆದನು. ಈ ಪೊರೆ ತುಕ್ಕನ್ನು ತಡೆಯುವುದಲ್ಲದೆ ಬಣ್ಣಕ್ಕೆ ಹಿಡಿತವನ್ನೂ ಕೊಡುತ್ತದೆ. ೧೯೧೫ರಲ್ಲಿ ಡೆಟ್ರಾಯಿಟಿನಲ್ಲಿ ಸ್ಥಾಪಿತವಾದ ಪಾರ್ಕರ್ ಸಂಸ್ಥೆ ಈ ವಿಧಾನವನ್ನು ಸುಧಾರಿಸಿ ವ್ಯಾಪಕಗೊಳಿಸಿತು. ಆರಂಭದಲ್ಲಿ ಗಂಟೆಗಳನ್ನು ತೆಗೆದುಕೊಳ್ಳುತ್ತಿದ್ದ ಕೆಲಸ ಮುಂದಿನ ಕಾಲು ಶತಮಾನದೊಳಗೆ ನಿಮಿಷಗಳಿಗೆ ಇಳಿಯಿತು.

ನಮ್ಮ ಕಾರ್ಖಾನೆಗಳಲ್ಲಿ ಈ ಪೂರ್ವಸಿದ್ಧತೆ ಸೆವೆನ್ ಟ್ಯಾಂಕ್ ಪ್ರೊಸೆಸ್ ಎಂಬ ಹೆಸರಿನಿಂದ ಪರಿಚಿತವಾಗಿದೆ. ಮೊದಲನೆಯ ತೊಟ್ಟಿಯಲ್ಲಿ ಜಿಡ್ಡು ತೆಗೆಯುವುದು, ಎರಡನೆಯದರಲ್ಲಿ ನೀರಿನಿಂದ ತೊಳೆಯುವುದು, ಮೂರನೆಯದರಲ್ಲಿ ಆಮ್ಲದಿಂದ ತುಕ್ಕು ತೆಗೆಯುವುದು, ನಾಲ್ಕನೆಯದರಲ್ಲಿ ಮತ್ತೆ ತೊಳೆಯುವುದು, ಐದನೆಯದರಲ್ಲಿ ಫಾಸ್ಫೇಟಿನ ಪೊರೆ, ಆರನೆಯದರಲ್ಲಿ ಪುನಃ ನೀರು, ಏಳನೆಯದರಲ್ಲಿ ಪೊರೆಯನ್ನು ಸ್ಥಿರಗೊಳಿಸುವ ದ್ರಾವಣ, ಹೀಗೆ ಕ್ರಮ. ಮುಗಿದ ಬೀರುವಿನಲ್ಲಿ ಈ ಏಳು ಮುಳುಗುಗಳ ಗುರುತು ಯಾರಿಗೂ ಕಾಣುವುದಿಲ್ಲ. ಕೆಲವು ವರ್ಷಗಳಾದ ಮೇಲೆ ಬಣ್ಣ ಹಪ್ಪಳದಂತೆ ಎದ್ದಾಗ ಮಾತ್ರ ಯಾವುದೋ ಒಂದು ಮುಳುಗು ತಪ್ಪಿತ್ತೆಂದು ತಿಳಿದುಬರುತ್ತದೆ.

೫

ಈಗ ಗಾಳಿಯ ಲೆಕ್ಕಕ್ಕೆ ಬರೋಣ. ಪಿಚಕಾರಿಯಿಂದ ಎರಚುವ ನೈಟ್ರೋಸೆಲ್ಯುಲೋಸ್ ಬಣ್ಣದಲ್ಲಿ ತೂಕದ ಅರ್ಧಕ್ಕಿಂತ ಹೆಚ್ಚು ಪಾಲು ದ್ರಾವಕ. ಕೆಲಸಗಾರರ ಮಾತಿನಲ್ಲಿ ತಿನ್ನರ್. ಬಣ್ಣವನ್ನು ತೆಳುಮಾಡಿ ತಗಡಿಗೆ ತಲುಪಿಸುವುದಷ್ಟೇ ಅದರ ಕೆಲಸ. ಅದಾದೊಡನೆ ಅದು ಆವಿಯಾಗಿ ಕೊಠಡಿಯ ಗಾಳಿಯನ್ನು ಸೇರುತ್ತದೆ. ಬಣ್ಣ ಬೇಗ ಒಣಗುವುದೆಂದರೆ ದ್ರಾವಕ ಬೇಗ ಗಾಳಿಗೆ ಸೇರುವುದು ಎಂದೇ ಅರ್ಥ. ಒಡೆಯನಿಗೆ ಉಳಿದ ಕಾಲ ಎರಚುವವನ ಶ್ವಾಸಕೋಶಕ್ಕೆ ಸಂದ ಹೊರೆಯಾಯಿತು.

ಈ ಸಂಗತಿ ಆ ಕಾಲದವರಿಗೆ ತಿಳಿಯದೆ ಇರಲಿಲ್ಲ. ಬೆಂಜೀನೆಂಬ ದ್ರಾವಕವು ಮೂಳೆಯ ಮಜ್ಜೆಯನ್ನು ಕೆಡಿಸಿ ರಕ್ತದ ಉತ್ಪತ್ತಿಯನ್ನೇ ತಡೆಯುತ್ತದೆ. ಅಮೆರಿಕದ ವೈದ್ಯೆ ಆಲಿಸ್ ಹ್ಯಾಮಿಲ್ಟನ್ ೧೯೨೨ರಲ್ಲಿಯೇ ಕೈಗಾರಿಕೆಗಳಲ್ಲಿ ಬೆಳೆಯುತ್ತಿದ್ದ ಬೆಂಜೀನಿನ ವಿಷಬಾಧೆಯನ್ನು ಕುರಿತು ವೈದ್ಯರ ಪತ್ರಿಕೆಯಲ್ಲಿ ಎಚ್ಚರಿಸಿದ್ದಳು. ೧೯೨೬ರಲ್ಲಿ ಆ ದೇಶದ ರಾಷ್ಟ್ರೀಯ ಸುರಕ್ಷತಾ ಮಂಡಲಿಯ ಸಮಿತಿಯೂ ಬೆಂಜೀನನ್ನು ಕುರಿತು ವರದಿಯನ್ನು ಕೊಟ್ಟಿತು. ಬಣ್ಣದೊಳಗಿನ ಇನ್ನೊಂದು ವಿಷವಾದ ಸೀಸದ ಬಿಳುಪಿನ ಬಳಕೆಯನ್ನು ಮಿತಿಗೊಳಿಸಲು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ೧೯೨೧ರಲ್ಲಿಯೇ ಒಡಂಬಡಿಕೆಯನ್ನು ಅಂಗೀಕರಿಸಿತ್ತು. ಇಷ್ಟಾದರೂ ದ್ರಾವಕದ ಮೇಲೆ ನಿಂತ ಲೇಪನ ಪದ್ಧತಿ ಇನ್ನೂ ನಾಲ್ಕು ದಶಕಗಳ ಕಾಲ ಅಬಾಧಿತವಾಗಿ ಮುಂದುವರಿಯಿತು.

ದ್ರಾವಕಕ್ಕೆ ಬೆಲೆ ತೆರುವಂತೆ ಮಾಡಿದ ಮೊದಲ ಪ್ರಮುಖ ಕಟ್ಟಳೆ ಲಾಸ್ ಏಂಜಲೀಸ್ ಜಿಲ್ಲೆಯಲ್ಲಿ ೧೯೬೬ರಲ್ಲಿ ಬಂದ ೬೬ನೆಯ ನಿಯಮ. ಆ ನಗರವನ್ನು ಮುಸುಕುತ್ತಿದ್ದ ಹೊಗೆಮಂಜಿಗೆ ಸಾವಯವ ಆವಿಗಳ ಮೇಲೆ ಬಿಸಿಲು ನಡೆಸುವ ಕ್ರಿಯೆಯೇ ಕಾರಣವೆಂದು ವಿಜ್ಞಾನಿ ಹಾಗೆನ್-ಸ್ಮಿಟ್ ೧೯೫೦ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟಿದ್ದನು. ಆದುದರಿಂದ ಬಿಸಿಲಿನಲ್ಲಿ ಹೆಚ್ಚು ಕ್ರಿಯಾಶೀಲವಾದ ದ್ರಾವಕಗಳನ್ನು ಈ ನಿಯಮ ಮಿತಿಗೊಳಿಸಿತು. ಕಾರ್ಖಾನೆಯ ಒಳಗಿನ ಕೆಲಸಗಾರ ಅದರ ಉದ್ದೇಶವಾಗಿರಲಿಲ್ಲ. ಮಂಜಿನ ದೃಷ್ಟಿಯಿಂದ ಅಷ್ಟಾಗಿ ಕ್ರಿಯಾಶೀಲವಲ್ಲದ ಬೆಂಜೀನು ಅದು ಮಿತಿಗೊಳಿಸಿದ ದ್ರಾವಕಗಳ ಪಟ್ಟಿಯಲ್ಲಿ ಸೇರಿರಲಿಲ್ಲವೆಂಬುದು ಈ ಮಾತಿಗೆ ಸಾಕ್ಷಿ. ಅಮೆರಿಕದಲ್ಲಿ ಕೆಲಸದ ಸ್ಥಳದ ಗಾಳಿಯಲ್ಲಿ ಬೆಂಜೀನಿನ ಮಿತಿಯನ್ನು ಹತ್ತು ಲಕ್ಷಕ್ಕೆ ಒಂದು ಭಾಗಕ್ಕೆ ಇಳಿಸುವ ಕಟ್ಟಳೆ ಸ್ಥಿರವಾದುದು ೧೯೮೭ರಲ್ಲಿ. ಹ್ಯಾಮಿಲ್ಟನ್ನಳ ಎಚ್ಚರಿಕೆಗೆ ಆಗ ೬೫ ವರ್ಷಗಳು ಸಂದಿದ್ದುವು.

೬

ಇದೇ ಕಾಲದಲ್ಲಿ ಪುಡಿಲೇಪನ ರೂಪುಗೊಳ್ಳುತ್ತಿತ್ತು. ಅದಕ್ಕೆ ಒಬ್ಬನೇ ಜನಕನನ್ನು ಹುಡುಕುವುದು ವ್ಯರ್ಥ. ಪುಡಿಯ ಕಣಗಳಿಗೆ ಹೆಚ್ಚಿನ ವೋಲ್ಟೇಜಿನಿಂದ ವಿದ್ಯುದಾವೇಶವನ್ನು ಕೊಟ್ಟು ಲೋಹದ ಫಲಕಕ್ಕೆ ಸೆಳೆಯುವ ತತ್ತ್ವವನ್ನು ಕಾಟ್ರೆಲ್ ೧೯೦೮ರಲ್ಲಿಯೇ ಹೊಗೆಯ ಶುದ್ಧೀಕರಣಕ್ಕೆ ಬಳಸಿದ್ದನು. ಪುಡಿಯ ರಾಶಿಯೊಳಗೆ ಕೆಳಗಿನಿಂದ ಗಾಳಿಯನ್ನು ಹಾಯಿಸಿ ಅದನ್ನು ದ್ರವದಂತೆ ಕುದಿಯುವ ಸ್ಥಿತಿಗೆ ತರುವ ಉಪಾಯವನ್ನು ವಿಂಕ್ಲರ್ ೧೯೨೦ರ ದಶಕದಲ್ಲಿ ಕಲ್ಲಿದ್ದಲಿನ ವಿಷಯದಲ್ಲಿ ಸಾಧಿಸಿದ್ದನು. ಇವೆರಡೂ ಬಣ್ಣದ ಕೆಲಸಕ್ಕೆ ಬರಲು ಒಂದು ಪದಾರ್ಥದ ಕೊರತೆಯಿತ್ತು. ಸಾಮಾನ್ಯ ಕಾವಿನಲ್ಲಿ ಪುಡಿಯಾಗಿದ್ದು, ಬಿಸಿಯಲ್ಲಿ ಕರಗಿ ಹರಿದು, ಮುಂದೆ ಎಂದೂ ಕರಗದಂತೆ ಗಟ್ಟಿಯಾಗುವ ರಾಳ ಬೇಕಾಗಿತ್ತು. ಸ್ವಿಟ್ಜರ್‌ಲೆಂಡಿನ ಪಿಯರ್ ಕಾಸ್ತಾನ್ ಮುಂತಾದವರ ಪ್ರಯತ್ನದಿಂದ ಎಪಾಕ್ಸಿ ರಾಳಗಳು ಎರಡನೆಯ ಮಹಾಯುದ್ಧದ ಅನಂತರ ಮಾರುಕಟ್ಟೆಗೆ ಬಂದಾಗ ಈ ಕೊರತೆ ನೀಗುವ ದಾರಿ ತೆರೆಯಿತು. ಆದುದರಿಂದ ವಿಳಂಬದ ಒಂದು ಭಾಗಕ್ಕೆ ರಸಾಯನಶಾಸ್ತ್ರವೇ ಕಾರಣವೆಂದು ಒಪ್ಪಬೇಕು. ಎಲ್ಲವನ್ನೂ ಲಾಭದೃಷ್ಟಿಯ ಮೇಲೆ ಹೊರಿಸುವುದು ನ್ಯಾಯವಲ್ಲ.

ಜರ್ಮನಿಯ ಎರ್ವಿನ್ ಗೆಮ್ಮರ್ ೧೯೫೩ರಲ್ಲಿ ಏಕಸ್ವಾಮ್ಯಕ್ಕೆ ಅರ್ಜಿ ಸಲ್ಲಿಸಿದ ವಿಧಾನದಲ್ಲಿ, ಕಾಯಿಸಿದ ಲೋಹದ ವಸ್ತುವನ್ನು ಗಾಳಿಯಿಂದ ಕುದಿಯುವ ಪುಡಿಯೊಳಗೆ ಅದ್ದಲಾಗುತ್ತಿತ್ತು. ಮುಟ್ಟಿದ ಪುಡಿ ಅಲ್ಲಿಯೇ ಕರಗಿ ಅಂಟಿಕೊಳ್ಳುತ್ತಿತ್ತು. ಕೊಳವೆಗಳಿಗೂ ವಿದ್ಯುತ್ ಉಪಕರಣಗಳಿಗೂ ಇದು ಒಪ್ಪಿತು. ಆದರೆ ಪೊರೆ ಬಹಳ ದಪ್ಪವಾಗುತ್ತಿದ್ದುದರಿಂದ ತೆಳುತಗಡಿನ ಬೀರುವಿಗೆ ಹೊಂದಲಿಲ್ಲ. ೧೯೬೦ರ ದಶಕದ ಪೂರ್ವಾರ್ಧದಲ್ಲಿ ಎರಡು ಸುಧಾರಣೆಗಳು ಕೂಡಿಬಂದುವು. ರಾಳ, ಗಟ್ಟಿಕಾರಕ, ವರ್ಣದ್ರವ್ಯ ಇವುಗಳನ್ನು ಕರಗಿಸಿ ಬೆರೆಸಿ, ಆರಿಸಿ, ನುಣ್ಣಗೆ ಬೀಸುವ ಕ್ರಮ ಒಂದು. ಸ್ಥಿರವಿದ್ಯುತ್ತಿನ ಬಂದೂಕಿನಿಂದ ತಣ್ಣಗಿರುವ ವಸ್ತುವಿನ ಮೇಲೆ ಪುಡಿಯನ್ನು ಎರಚುವ ಕ್ರಮ ಇನ್ನೊಂದು.

ಬಂದೂಕಿನ ತುದಿಯಲ್ಲಿ ಸುಮಾರು ೬೦,೦೦೦ದಿಂದ ೧,೦೦,೦೦೦ ವೋಲ್ಟುಗಳಿರುತ್ತವೆ. ಕೊಕ್ಕೆಯಿಂದ ತೂಗುವ ತಗಡಿಗೆ ಭೂಸಂಪರ್ಕವನ್ನು ಕೊಟ್ಟಿರುತ್ತಾರೆ. ಅಂಟಿದ ಪುಡಿಯನ್ನು ೧೮೦ರಿಂದ ೨೦೦ ಸೆಂಟಿಗ್ರೇಡ್ ಕಾವಿನಲ್ಲಿ ಹತ್ತಿಪ್ಪತ್ತು ನಿಮಿಷ ಬೇಯಿಸಿದರೆ ೬೦ರಿಂದ ೮೦ ಮೈಕ್ರಾನ್ ದಪ್ಪದ ಪೊರೆಯಾಗುತ್ತದೆ. ಗುರಿತಪ್ಪಿ ಕೆಳಗೆ ಬಿದ್ದ ಪುಡಿಯನ್ನು ಒಟ್ಟುಗೂಡಿಸಿ ಮತ್ತೆ ಬಳಸಬಹುದು. ದ್ರವದ ಬಣ್ಣದಲ್ಲಿ ಇದು ಸಾಧ್ಯವಿರಲಿಲ್ಲ. ಇದರ ಕಷ್ಟಗಳೂ ವಿದ್ಯುತ್ತಿನ ಸ್ವಭಾವದಿಂದಲೇ ಹುಟ್ಟಿದುವು. ಲೋಹದ ಪೆಟ್ಟಿಗೆಯ ಒಳಮೂಲೆಗಳಿಗೆ ವಿದ್ಯುತ್ಕ್ಷೇತ್ರ ನುಗ್ಗುವುದಿಲ್ಲವೆಂದು ಫ್ಯಾರಡೆ ೧೮೩೬ರಲ್ಲಿಯೇ ತೋರಿಸಿದ್ದನು. ಬೀರುವಾದರೋ ಒಂದು ಪೆಟ್ಟಿಗೆಯೇ. ಆದುದರಿಂದ ಅದರ ಒಳಮೂಲೆಗಳಲ್ಲಿ ಪುಡಿ ಸರಿಯಾಗಿ ಕೂರಲು ವೋಲ್ಟೇಜನ್ನೂ ಗಾಳಿಯ ವೇಗವನ್ನೂ ಇಳಿಸಿ ಹಿಡಿಯುವ ಕೈಚಳಕ ಬೇಕು. ಕೊಕ್ಕೆಗಳ ಮೇಲೆ ಹಿಂದಿನ ಸರದಿಯ ಪೊರೆ ಕಟ್ಟಿದ್ದರೆ ಭೂಸಂಪರ್ಕವೇ ಕಡಿದುಹೋಗುತ್ತದೆ. ಯಂತ್ರವೇ ಎಲ್ಲವನ್ನೂ ಮಾಡುತ್ತದೆಂಬ ನಂಬಿಕೆಗೆ ಇಲ್ಲಿ ಅವಕಾಶವಿಲ್ಲ.

೬೬ನೆಯ ನಿಯಮ, ಅಮೆರಿಕದ ೧೯೭೦ರ ಶುದ್ಧವಾಯು ಕಾಯಿದೆ, ೧೯೭೩ರ ತೈಲದ ಬೆಲೆಯೇರಿಕೆ, ಇವು ಒಂದಾದಮೇಲೊಂದು ಬಂದುವು. ಪೆಟ್ರೋಲಿಯಮ್ಮಿನಿಂದ ದೊರೆಯುವ ದ್ರಾವಕ ದುಬಾರಿಯಾಯಿತು, ಅದನ್ನು ಗಾಳಿಗೆ ಬಿಡುವುದೂ ದುಬಾರಿಯಾಯಿತು. ದ್ರಾವಕವೇ ಇಲ್ಲದ ಪುಡಿ ಆಗ ಲಾಭಕರವಾಗಿ ಕಂಡಿತು. ಬಿಸಿಲಿಗೆ ಮಾಸುತ್ತಿದ್ದ ಎಪಾಕ್ಸಿಯ ಜೊತೆಗೆ ಪಾಲಿಯೆಸ್ಟರ್ ಪುಡಿಗಳೂ ೧೯೭೦ರ ದಶಕದಲ್ಲಿ ಬಂದು ಬಳಕೆಯನ್ನು ವಿಸ್ತರಿಸಿದುವು.

೭

ನಮ್ಮ ನಾಡಿಗೂ ಈ ಚರಿತ್ರೆಗೂ ಸಂಬಂಧವಿಲ್ಲದಿಲ್ಲ. ೧೯೩೭ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಸ್ಥಾಪಿತವಾದ ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್, ೧೯೬೨ರಿಂದ ಚುನಾವಣೆಯ ಶಾಯಿಗಾಗಿ ಹೆಸರಾಗಿದ್ದರೂ, ಅರಗಿನಿಂದ ಬಣ್ಣದವರೆಗಿನ ಪ್ರಯಾಣವನ್ನು ತನ್ನ ಹೆಸರಿನಲ್ಲಿಯೇ ಹೊತ್ತಿತ್ತು. ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಬೆಂಗಳೂರಿನ ಪೀಣ್ಯದಂತಹ ಕೈಗಾರಿಕಾ ಪ್ರದೇಶಗಳಲ್ಲಿ ಪುಡಿಲೇಪನವನ್ನೇ ಬಾಡಿಗೆಯ ಕೆಲಸವಾಗಿ ಮಾಡಿಕೊಡುವ ಸಣ್ಣ ಘಟಕಗಳು ಬೆಳೆದುವು. ಇಂತಹ ಘಟಕಗಳ ದೃಷ್ಟಿಯಿಂದ ಒಂದು ಕಾನೂನಿನ ಅಂಶ ಮುಖ್ಯವಾದುದು. ೧೯೪೮ರ ಕಾರ್ಖಾನೆಗಳ ಕಾಯಿದೆ ಧೂಳು ಹೊಗೆಗಳನ್ನು ಹೊರಹಾಕಬೇಕೆಂದೂ ಸ್ಫೋಟಿಸಬಲ್ಲ ಧೂಳಿನ ವಿಷಯದಲ್ಲಿ ಎಚ್ಚರಿಕೆ ವಹಿಸಬೇಕೆಂದೂ ವಿಧಿಸಿತ್ತು. ಆದರೆ ವಿದ್ಯುಚ್ಛಕ್ತಿಯನ್ನು ಬಳಸುವ ಕಡೆ ಹತ್ತಕ್ಕಿಂತ ಕಡಮೆ ಜನ ಕೆಲಸಮಾಡುವ ಅಂಗಡಿ ಸಾಮಾನ್ಯವಾಗಿ ಅದರ ವ್ಯಾಪ್ತಿಗೆ ಬರುತ್ತಿರಲಿಲ್ಲ. ಐದಾರು ಜನರ ಶೆಡ್ಡಿನಲ್ಲಿ ತಿನ್ನರಿನ ಆವಿಯನ್ನು ಉಸಿರಾಡುತ್ತಿದ್ದವನಿಗೆ ಕಾನೂನಿಗಿಂತ ಪುಡಿಯೇ ಹೆಚ್ಚಿನ ರಕ್ಷಣೆಯನ್ನು ಕೊಟ್ಟಿತೆಂದರೆ ಅತಿಶಯೋಕ್ತಿಯಾಗಲಾರದು.

ಆದರೂ ಪುಡಿಲೇಪನವನ್ನು ನಿರ್ದೋಷವೆಂದು ಹೊಗಳಿ ಮುಗಿಸುವುದು ಚರಿತ್ರಕಾರನಿಗೆ ಒಪ್ಪುವ ಮಾತಲ್ಲ. ಗಾಳಿಯಲ್ಲಿ ತೇಲುವ ಪುಡಿ ಕಿಡಿ ತಾಗಿದರೆ ಸ್ಫೋಟಿಸಬಹುದು. ಪಾಲಿಯೆಸ್ಟರ್ ಪುಡಿಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದ ಒಂದು ಗಟ್ಟಿಕಾರಕವನ್ನು ಆನುವಂಶಿಕ ಹಾನಿಯ ಶಂಕೆಯಿಂದ ಯೂರೋಪಿನವರು ೧೯೯೦ರ ದಶಕದಲ್ಲಿ ಅಪಾಯಕರವಾದ ಪದಾರ್ಥಗಳ ಪಟ್ಟಿಗೆ ಸೇರಿಸಿದರು. ಇವೆಲ್ಲಕ್ಕಿಂತ ಮಿಗಿಲಾಗಿ, ದ್ರಾವಕ ಹೋದರೂ ಏಳು ತೊಟ್ಟಿಗಳು ಹೋಗಲಿಲ್ಲ. ಆಮ್ಲದ ಆವಿಯೂ, ಕೊನೆಯ ತೊಟ್ಟಿಯಲ್ಲಿ ಬಹುಕಾಲ ಬಳಸುತ್ತಿದ್ದ ಕ್ರೋಮೇಟಿನ ವಿಷವೂ, ತೊಳೆದು ಚರಂಡಿಗೆ ಬಿಟ್ಟ ನೀರೂ ಪುಡಿಯ ಹೊಗಳಿಕೆಯಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಗಾಳಿಯ ಲೆಕ್ಕ ಅರ್ಧ ತೀರಿರುವಾಗ ನೀರಿನ ಲೆಕ್ಕ ಉಳಿದಿದೆ.

ಮೇಲಿನ ವಿವೇಚನೆಯಿಂದ ಒಂದು ವಿಷಯ ಸ್ಪಷ್ಟವಾಗುತ್ತದೆ. ಅಪಾಯದ ತಿಳಿವಳಿಕೆ ಇದ್ದ ಮಾತ್ರಕ್ಕೆ ಕೆಲಸದ ವಿಧಾನ ಬದಲಾಗುವುದಿಲ್ಲ. ಅದರ ಬೆಲೆಯನ್ನು ತೆರುವವರು ಯಾರೆಂಬುದು ಬದಲಾದಾಗ ವಿಧಾನವೂ ಬದಲಾಗುತ್ತದೆ. ಲೇಪನದ ಚರಿತ್ರೆಗೆ ಬೇಕಾದ ಸಾಮಗ್ರಿ ನಮ್ಮ ಸುತ್ತಲೇ ಇದೆ. ಪಿಚಕಾರಿಯ ಕಾಲದಲ್ಲಿಯೂ ಬಂದೂಕಿನ ಕಾಲದಲ್ಲಿಯೂ ದುಡಿದ ಕೆಲಸಗಾರರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರು ಯಾವ ಬಣ್ಣವನ್ನು ಎಲ್ಲಿ ಎರಚಿದರು, ಕಿಟಕಿಗಳಿದ್ದುವೇ, ಮುಖಕ್ಕೆ ಏನು ಕಟ್ಟಿಕೊಳ್ಳುತ್ತಿದ್ದರು, ಎಷ್ಟು ವಯಸ್ಸಿಗೆ ಕೆಲಸ ಬಿಟ್ಟರು ಎಂಬುದನ್ನು ವಿದ್ಯಾರ್ಥಿಗಳು ಕೇಳಿ ಬರೆದಿಟ್ಟರೆ, ಯಾವ ಕಾರ್ಖಾನೆಯ ಕಡತದಲ್ಲಿಯೂ ಸಿಗಲಾರದ ಅಧ್ಯಾಯವೊಂದು ನಮ್ಮ ಕೈಗಾರಿಕಾ ಚರಿತ್ರೆಗೆ ಸೇರುತ್ತದೆ. ಈ ಕೆಲಸಕ್ಕೆ ವಿಳಂಬ ಸಲ್ಲದು.